ತಪ್ಪಿದ ಮೂರು ಮಂಗಳವಾರ

"ಉಸಿರು ಎಳೆದುಕೊಳ್ಳಿ. ಹಾಗೇ ಹಿಡಿದುಕೊಳ್ಳಿ" ಎಂದು ಗಾಜಿನ ಹಿಂದಿನಿಂದ ಹೇಳಿ ಗುಂಡಿ ಒತ್ತಿದ ಅಕ್ಕ, ಆಮೇಲೆ "ಬಿಡಿ" ಎನ್ನುವುದನ್ನೇ ಮರೆತುಬಿಟ್ಟಳು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದರೂ ಒಮ್ಮೆಯೂ ಹೀಗಾಗಿರಲಿಲ್ಲ. ಫಲಕಕ್ಕೆ ಎದೆಯೊತ್ತಿ ನಿಂತಿದ್ದ ಮುದುಕ ಕೆನ್ನೆ ಉಬ್ಬಿಸಿಕೊಂಡು, ಕಣ್ಣನ್ನು ಸೂರಿನತ್ತ ನೆಟ್ಟು, ಅಲುಗಾಡದೆ ನಿಂತೇ ಇದ್ದ. ಕೊನೆಗೆ ತಡೆಯಲಾರದೆ ಅವನೇ, "ಬಿಡ್ಲೇನಮ್ಮಾ? ಇನ್ನು ಸ್ವಲ್ಪ ಹೊತ್ತಾದ್ರೆ ಪ್ರಾಣಾನೇ ಬಿಡ್ಬೇಕಾಗುತ್ತೆ" ಎಂದ. ಬೇರೆ ದಿನವಾಗಿದ್ದರೆ ಅಕ್ಕ ನಕ್ಕುಬಿಡುತ್ತಿದ್ದಳು. ಈಗ "ಬಿಡಿ, ಬಿಡಿ" ಎಂದು ಎರಡು ಸಲ ಹೇಳಿ, ಮುದುಕ ಅಂಗಿ ತೊಡುತ್ತಿರುವಾಗ ಸೀಸದ ಏಪ್ರನ್ನಿನ ಭಾರಕ್ಕೆ ಹೆಗಲು ಒಡ್ಡಿ ಸುಮ್ಮನೆ ನಿಂತಳು. ಹತ್ತು ನಿಮಿಷದ ಹಿಂದೆ ಸ್ವಾಗತದ ಮೇಜಿನ ಹುಡುಗಿ ಬಾಗಿಲಿಗೆ ಬಂದು, ಸಾಲಿನಲ್ಲಿ ಕೂತಿದ್ದವರೆಲ್ಲ ಕೇಳುವಂತೆ, "ನಿಮಗೆ ಫೋನು. ಪೆರೋಲ್ ಆಫೀಸಿಂದಂತೆ" ಎಂದಿದ್ದಳು. ಪೆರೋಲ್ ಎನ್ನುವ ಮಾತು ಎಷ್ಟು ದೊಡ್ಡದೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಅದು ಕಾರಿಡಾರಿನ ಆ ತುದಿಯವರೆಗೆ ಹೋಗಿ, ಗೋಡೆಗೆ ತಾಗಿ, ಮತ್ತೆ ಅವಳ ಮುಖಕ್ಕೇ ಬಂದು ಬಡಿಯಿತು. ತಮ್ಮ ದೂರದ ಊರಿನಲ್ಲಿ ಕೆಲಸದಲ್ಲಿದ್ದ, ಈಗ ವಾಪಸು ಬಂದಿದ್ದಾನೆ ಎಂದು ಇಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಳು. ಎಲ್ಲರೂ ನಂಬಿದ್ದರು, ಅಥವಾ ನಂಬಿದವರ ಹಾಗೆ ಇದ್ದರು.

ಅಧಿಕಾರಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ನಿಮ್ಮ ತಮ್ಮ ಇವತ್ತೂ ಬಂದಿಲ್ಲ, ಮೇಡಂ. ಇದು ಮೂರನೇ ಮಂಗಳವಾರ. ಎರಡು ಸಲ ತಪ್ಪಿದ್ರೆ ನಾನು ನೋಡ್ಕೋಬಹುದು. ಮೂರನೇ ಸಲಕ್ಕೆ ಕಾಗದ ಮೇಲಕ್ಕೆ ಹೋಗುತ್ತೆ. ಶುಕ್ರವಾರ ಸಮಿತಿ ಮುಂದೆ ವಿಚಾರಣೆ. ನೀವೂ ಬನ್ನಿ, ಹೊಣೆಗೆ ಸಹಿ ಹಾಕಿದವರು ನೀವೇ ಅಲ್ವಾ?" ಹೌದು, ಅವಳೇ. ಐದು ತಿಂಗಳ ಹಿಂದೆ, ಶಿಕ್ಷೆ ಮುಗಿಯಲು ಇನ್ನೂ ಒಂದು ವರ್ಷವಿರುವಾಗಲೇ, ಒಳ್ಳೆಯ ನಡತೆಯವನೆಂದು ತಮ್ಮನನ್ನು ಷರತ್ತಿನ ಮೇಲೆ ಬಿಟ್ಟಾಗ ಸಹಿ ಹಾಕಿದ್ದಳು. ಷರತ್ತುಗಳನ್ನು ಒಂದೊಂದಾಗಿ ಓದಿ ಹೇಳಿದ್ದರು: ಊರು ಬಿಡಬಾರದು, ವಾಹನ ಓಡಿಸಬಾರದು, ಪ್ರತಿ ಮಂಗಳವಾರ ಹನ್ನೊಂದಕ್ಕೆ ಹಾಜರಾಗಬೇಕು, ಸತ್ತವನ ಮನೆಯವರ ಕಣ್ಣಿಗೆ ಬೀಳಬಾರದು, ಅವರನ್ನು ಮಾತಾಡಿಸಬಾರದು. ಮೂರು ಮಂಗಳವಾರವೂ ಅಕ್ಕ ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಿದ್ದಳಲ್ಲ! ಅವನು ತಲೆ ಬಾಚಿ, ಗುರುತಿನ ಚೀಟಿ ಜೇಬಿಗೆ ಹಾಕಿಕೊಂಡು, "ಬರ್ತೀನಿ ಅಕ್ಕ" ಎಂದು ಹೇಳಿಯೇ ಹೊರಟಿದ್ದನಲ್ಲ! ಹಾಗಾದರೆ ಎಲ್ಲಿಗೆ? ಒಬ್ಬ ಮನುಷ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಬಹುದಾದ ಕೆಟ್ಟ ಜಾಗಗಳನ್ನೆಲ್ಲ ಅವಳ ಮನಸ್ಸು ಒಂದೊಂದಾಗಿ ಸುತ್ತಿ ಬಂತು. ಸುತ್ತುತ್ತಿರುವಾಗಲೇ ನಾಚಿಕೆಯೂ ಆಯಿತು, ಇಷ್ಟು ಬೇಗ ತಾನು ಕೆಟ್ಟದ್ದನ್ನೇ ನಂಬಿಬಿಟ್ಟೆನಲ್ಲ ಎಂದು.

ಅರ್ಧ ದಿನ ರಜೆ ಬರೆದುಕೊಟ್ಟು ಮನೆ ಕಡೆ ನಡೆಯುವಾಗ ಬಿಸಿಲು ನೆತ್ತಿಯ ಮೇಲಿತ್ತು. ತಮ್ಮ ಓಡಿಸುತ್ತಿದ್ದದ್ದು ಬ್ರೆಡ್ಡಿನ ವ್ಯಾನು. ರಸ್ತೆಯಲ್ಲಿ ಯಾವ ವ್ಯಾನು ಹೋದರೂ ಅಕ್ಕ ಅಂಚಿಗೆ ಸರಿದು, ಅದು ದಾಟುವವರೆಗೆ ನಿಲ್ಲುತ್ತಿದ್ದಳು. ಎರಡು ಪಾಳಿ ಒಟ್ಟಿಗೆ ಮಾಡಿ, ಮೂರನೆಯದಕ್ಕೂ ಒಪ್ಪಿಕೊಂಡು, ಬೆಳಗಿನ ಬ್ರೆಡ್ಡು ತುಂಬಿಕೊಂಡು ಹೊರಟ ತಮ್ಮನಿಗೆ ಸ್ಟೀರಿಂಗ್ ಹಿಡಿದಿರುವಾಗಲೇ ಒಂದು ಕ್ಷಣ ರೆಪ್ಪೆ ಮುಚ್ಚಿತ್ತು. ಆ ಒಂದು ಕ್ಷಣದಲ್ಲಿ, ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ ಕಾರ್ಖಾನೆಯ ಕಾವಲುಗಾರನೊಬ್ಬ ಇಲ್ಲವಾಗಿದ್ದ. ಕೋರ್ಟಿನಲ್ಲಿ ಆ ಕಾವಲುಗಾರನ ಹೆಂಡತಿ ಸಾಕ್ಷಿ ಹೇಳಲು ಬಂದಿದ್ದು ಒಂದೇ ದಿನ. ಅವಳು ನ್ಯಾಯಾಧೀಶರನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ತಮ್ಮ ಅವಳನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಅಕ್ಕ ಇಬ್ಬರನ್ನೂ ನೋಡಿದಳು. ಆಮೇಲೆ ಏಳು ತಿಂಗಳು ಜೈಲಿನ ಕಡೆ ತಲೆ ಹಾಕಲಿಲ್ಲ. ಕೆಲಸ, ಜ್ವರ, ಬಸ್ಸಿಲ್ಲ ಎಂದು ಕಾಗದದಲ್ಲಿ ಬರೆದ ಕಾರಣಗಳೆಲ್ಲ ನಿಜವೇ, ಆದರೆ ಯಾವುದೂ ಕಾರಣವಲ್ಲ. ಎಂಟನೇ ತಿಂಗಳು ಹೋದಾಗ ತಮ್ಮ ಏನೂ ಕೇಳದೆ, "ಅಕ್ಕ, ನಿನ್ನ ಮೊಣಕಾಲು ನೋವು ಹೇಗಿದೆ?" ಎಂದಿದ್ದ. ಅವನು ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ತಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು, ಬಟ್ಟೆ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಗುರು ಸಂದಿಯ ವಾರ್ನಿಶ್ ಉಜ್ಜುತ್ತಿದ್ದ. ಬಿಡುಗಡೆಯಾದಾಗಿನಿಂದ ಪೀಠೋಪಕರಣದ ಅಂಗಡಿಯೊಂದರಲ್ಲಿ ಪಾಲಿಶ್ ಕೆಲಸ ಮಾಡುತ್ತಿದ್ದ. ಅವನು ಪಾಲಿಶ್ ಮಾಡಿದ ಮೇಜಿನಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಮಾಲೀಕ ಹೇಳಿಕೊಂಡು ತಿರುಗುತ್ತಿದ್ದ. ಅಕ್ಕ ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದನ್ನು ನೋಡಿ ಅವನ ಕೈ ನಿಂತಿತು.

"ಫೋನ್ ಬಂತಾ?"

"ಎಲ್ಲಿಗೆ ಹೋಗ್ತಿದ್ದೆ?"

"ಅಲ್ಲಿಗೇ."

"ಸುಳ್ಳು ಹೇಳಬೇಡ ಕಣೋ. ಮೂರು ವಾರದಿಂದ ಮುಖಾನೇ ತೋರಿಸಿಲ್ಲ ಅಂದ್ರು."

"ಅಲ್ಲಿಗೇ ಹೋಗ್ತಿದ್ದೆ, ಅಕ್ಕ. ಎದುರಿನ ಫುಟ್‌ಪಾತಿನ ತನಕ. ಹನ್ನೆರಡಾಗೋವರೆಗೂ ಅಲ್ಲೇ ನಿಂತಿದ್ದು ವಾಪಸ್ ಬರ್ತಿದ್ದೆ. ಒಳಗೆ ಹೋಗೋಕಾಗ್ಲಿಲ್ಲ."

ಅವನು ಹೇಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. ಪೆರೋಲ್ ಕಚೇರಿಯ ಕಾರಿಡಾರಿನಲ್ಲಿ ಗೋಡೆಯುದ್ದಕ್ಕೂ ಒಂದೇ ಬೆಂಚು. ಅಲ್ಲಿ ಹೆಸರು ಕೂಗುವುದಿಲ್ಲ, ಸಂಖ್ಯೆ ಕೂಗುತ್ತಾರೆ, ಕೂಗುವವರೆಗೆ ಕಾಯಬೇಕು. ನಾಲ್ಕು ವಾರದ ಹಿಂದೆ ಅವನು ಹಾಗೆ ಕಾಯುತ್ತಿರುವಾಗ ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸೊಬ್ಬಳು ನೆಲ ಒರೆಸುತ್ತ ಬಂದಳು. ಬೆಂಚಿನ ಹತ್ತಿರ ಬಂದು "ಕಾಲೆತ್ತಪ್ಪ" ಎಂದಳು. ಅವನು ಕಾಲೆತ್ತಿದ. ಅವಳು ಬಗ್ಗಿ ಅವನ ಕಾಲ ಕೆಳಗೆ ಒದ್ದೆ ಬಟ್ಟೆ ಆಡಿಸಿದಳು. ಆಗ ಅವನಿಗೆ ಅವಳ ಬದಿಯ ಮುಖ ಕಂಡಿತು. ಕೋರ್ಟಿನಲ್ಲಿ ಒಂದಿಡೀ ದಿನ ನೋಡಿದ ಅದೇ ಬದಿಯ ಮುಖ.

"ಅವಳೇನಾ? ಸರಿಯಾಗಿ ನೋಡಿದೆಯಾ?"

"ನಾನು ಮರೆಯೋ ಮುಖಾನಾ ಅದು?"

ಅವಳಿಗೆ ಅವನ ಗುರುತು ಹತ್ತಲಿಲ್ಲ. ಮುಂದಿನ ಮಂಗಳವಾರವೂ ಅದೇ, "ಕಾಲೆತ್ತಪ್ಪ". ಕಾಲೆತ್ತಿಕೊಂಡು ಕೂತಿದ್ದ ಆ ಅರ್ಧ ನಿಮಿಷದಲ್ಲಿ, ಜೈಲಿನಲ್ಲಿ ಕಳೆದ ನಾಲ್ಕು ವರ್ಷದಲ್ಲಿ ಆಗದ್ದೇನೋ ತನ್ನೊಳಗೆ ಆಯಿತು ಎಂದ. ಅದೇನೆಂದು ಹೇಳಲು ಹೋಗಿ, ಅರ್ಧಕ್ಕೇ ಬಿಟ್ಟು, ಮತ್ತೆ ಉಗುರು ಉಜ್ಜತೊಡಗಿದ.

ಅಕ್ಕನಿಗೆ ಮೊದಲು ಬಂದದ್ದು ಸಮಾಧಾನ. ಕುಡಿತವಲ್ಲ, ಕೆಟ್ಟ ಸಹವಾಸವಲ್ಲ. ಇದಕ್ಕೆ ದಾರಿ ಇದೆ. "ಹೇಳಿಬಿಡೋಣ. ಶುಕ್ರವಾರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ. ಅವಳ ಕಣ್ಣಿಗೆ ಬೀಳಬಾರದು ಅಂತ ಷರತ್ತು ಹಾಕಿದವರು ಅವರೇ ತಾನೆ? ಷರತ್ತಿನ ಪ್ರಕಾರಾನೇ ನಡೆದುಕೊಂಡೆ ಅಂತ ಆಗುತ್ತೆ. ಬೇರೆ ಆಫೀಸಿಗೆ ಹಾಕ್ತಾರೆ."

"ಬೇರೆ ಆಫೀಸು ಈ ಊರಲ್ಲಿಲ್ಲ. ಸುಮ್ಮನೆ ಕೇಳಿ ನೋಡಿದೆ, ಬದಲಾಯಿಸಬಹುದಾ ಸಾರ್ ಅಂತ. ಇದೇನು ಬಸ್ ಸೀಟಾ, ಕಿಟಕಿ ಪಕ್ಕ ಬೇಕು ಅನ್ನೋಕೆ, ಕಾರಣ ಇದ್ರೆ ಬರೆದುಕೊಡು ಅಂದ್ರು. ಬರೆದುಕೊಟ್ರೆ ಏನಾಗುತ್ತೆ ಗೊತ್ತಾ? ಅವಳಿಗಿಂತ ಮೊದಲು ಅಲ್ಲಿ ಇನ್ನೊಬ್ಬಳು ನೆಲ ಒರೆಸ್ತಿದ್ಲು. ಅವಳ ಅಣ್ಣನ ಮಗ ಅಲ್ಲಿ ಸಹಿ ಹಾಕೋಕೆ ಬರ್ತಾನೆ ಅಂತ ಗೊತ್ತಾದ ದಿನವೇ ಗುತ್ತಿಗೆಯವನು ಅವಳನ್ನ ಮನೆಗೆ ಕಳಿಸಿದ. ಬೆಂಚಲ್ಲಿ ಕೂತವರೆಲ್ಲ ನೋಡಿದ್ದೀವಿ. ನನ್ನ ಕಡತ ಸರಿಸೋದಕ್ಕಿಂತ ಅವಳನ್ನ ಸರಿಸೋದು ಅವರಿಗೆ ಸುಲಭ." ಬಟ್ಟೆ ಚೂರನ್ನು ಮಡಚಿ ಮೆಟ್ಟಿಲ ಮೇಲಿಟ್ಟ. "ಗಂಡನ್ನ ತೆಗೆದವನೇ ಕೆಲಸಾನೂ ತೆಗೀಬೇಕಾ, ಅಕ್ಕ?"

"ಹಾಗಾದ್ರೆ ನೀನು ಒಳಗೆ ಹೋಗ್ತೀಯಾ? ಇನ್ನೂ ಏಳು ತಿಂಗಳಿದೆ ಕಣೋ!"

"ಗೊತ್ತು."

"ದೊಡ್ಡ ಮನುಷ್ಯ ಆಗೋಕೆ ಹೊರಟಿದ್ದೀಯಾ?" ಮಾತು ಬಾಯಿಂದ ಬಿದ್ದ ಮೇಲೆ ಅಕ್ಕನಿಗೇ ಕಹಿಯಾಯಿತು. ತಮ್ಮ ಮಾತ್ರ ಅದನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡು, ಯೋಚಿಸಿ, ಉತ್ತರ ಕೊಟ್ಟ. "ಇಲ್ಲ. ಅರ್ಧಕ್ಕರ್ಧ ಹೆದರಿಕೆ. ಅವಳು ಯಾವತ್ತಾದ್ರೂ ತಲೆಯೆತ್ತಿ ನೋಡಿದ್ರೆ ಅಂತ. ಮೊದಲನೇ ವಾರ ಬರೀ ಹೆದರಿಕೆಯಿಂದಲೇ ಹೋಗಲಿಲ್ಲ. ಆಮೇಲೆ ಯೋಚನೆ ಮಾಡಿದೆ. ಇನ್ನರ್ಧ ಆಮೇಲಿನದು."

ಆ ಮೂರು ದಿನ ಅಕ್ಕ ಅದೇ ಲೆಕ್ಕದಲ್ಲಿ ಮುಳುಗೇಳುತ್ತಿದ್ದಳು. ಅವನು ಹೇಡಿಯೋ ಒಳ್ಳೆಯವನೋ? ಆಸ್ಪತ್ರೆಯಲ್ಲಿ ಮುರಿದ ಮೂಳೆಗಳ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡುವಾಗ, ಮನುಷ್ಯನ ಒಳಗನ್ನು ನೋಡುವುದೇ ತನ್ನ ಕಸುಬು ಎಂದು ಬಂಧುಗಳ ಮುಂದೆ ತಾನು ಆಡಿದ ತಮಾಷೆ ನೆನಪಾಗಿ ಪೆಚ್ಚಾದಳು. ಹತ್ತಿರದ ಒಬ್ಬನ ಒಳಗು ಕಾಣದೆ ಇಷ್ಟು ವರ್ಷ ಕಳೆದಿದ್ದಳು. ಚಿಕ್ಕಂದಿನಲ್ಲಿ ಅವಳು ಒಡೆದ ಹೂಜಿಗೆ ಅವನು ಪೆಟ್ಟು ತಿಂದದ್ದನ್ನು ಅಪ್ಪ ಸಾಯುವವರೆಗೂ ತಮಾಷೆಯಾಗಿ ಹೇಳುತ್ತಿದ್ದರು, ಎಂಥ ಪೆದ್ದ ನೋಡು ಎಂದು. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಪೆದ್ದನೆಂದು ಎಲ್ಲರೂ ಒಪ್ಪಿಬಿಟ್ಟರೆ ಎಷ್ಟು ಅನುಕೂಲ! ಆಮೇಲೆ ಅವನಿಂದ ಏನನ್ನು ತೆಗೆದುಕೊಂಡರೂ ಯಾರಿಗೂ ಋಣವಿರುವುದಿಲ್ಲ. ಗುರುವಾರ ಸಂಜೆ ಅವನು ಅಡುಗೆಮನೆಯ ಕದದ ಕೀಲಿಗೆ ಎಣ್ಣೆ ಬಿಟ್ಟ, ನಲ್ಲಿಯ ವಾಷರ್ ಬದಲಾಯಿಸಿದ, ಅಂಗಡಿಯ ಮಾಲೀಕನಿಗೆ ಹೇಳಿಬಂದ. "ಏನಂದ್ರು?" ಎಂದು ಅಕ್ಕ ಕೇಳಿದರೆ, "ಅರ್ಧ ಪಾಲಿಶ್ ಆದ ಬೀರು ಒಂದಿದೆ, ಅದನ್ನ ಬೇರೆಯವರು ಮುಟ್ಟೋದು ಬೇಡ, ನೀನು ಬರೋ ತನಕ ಇರಲಿ ಅಂದ್ರು" ಎಂದ. ಹಾಗೆನ್ನುವಾಗ ಅವನ ಮುಖದಲ್ಲಿ ಬೆಳಕಿತ್ತು. ಎದುರಿಗಿರುವವರ ಕಣ್ಣನ್ನು ತಗ್ಗಿಸುವಂಥ ಬೆಳಕು.

ಶುಕ್ರವಾರ ಹತ್ತೂವರೆಗೆ ಇಬ್ಬರೂ ಆ ಬೆಂಚಿನ ಮೇಲಿದ್ದರು. ಗೋಡೆಯಲ್ಲಿ ಸೊಂಟದ ಮಟ್ಟಕ್ಕೆ, ಇಷ್ಟು ವರ್ಷ ಒರಗಿದವರ ಎಣ್ಣೆಗಪ್ಪು ಪಟ್ಟಿಯೊಂದು ಆ ತುದಿಯಿಂದ ಈ ತುದಿಗೆ ಎಳೆದಂತಿತ್ತು. ಕಾರಿಡಾರಿನ ಕೊನೆಯಲ್ಲಿ ಬಕೆಟ್ಟಿನ ಸದ್ದಾದೊಡನೆ ತಮ್ಮ ಎದ್ದುಹೋಗಿ, ಕಿಟಕಿಗೆ ಮುಖ ಮಾಡಿ ನಿಂತ. ಅಕ್ಕ ಕೂತೇ ಇದ್ದಳು. ನೀಲಿ ಮೇಲಂಗಿ ಆ ಹೆಂಗಸಿಗೆ ಬಹಳ ದೊಡ್ಡದಾಗಿತ್ತು, ತೋಳನ್ನು ಎರಡು ಸುತ್ತು ಮಡಚಿದ್ದಳು, ಹಿಂದಿನವಳದ್ದೇ ಇರಬೇಕು. ಕೋರ್ಟಿನಲ್ಲಿ ನೋಡಿದ್ದಕ್ಕಿಂತ ಇಳಿದುಹೋಗಿದ್ದಳು. ಆದರೆ ಕೆಲಸದಲ್ಲಿ ಒಂದು ಗತ್ತಿತ್ತು. ಮೂಲೆ ಬಿಡದೆ, ಒರೆಸಿದ ಜಾಗವನ್ನು ಮತ್ತೆ ತುಳಿಯದೆ, ಹಿಂದೆ ಹಿಂದೆ ಸರಿಯುತ್ತ ಬರುತ್ತಿದ್ದಳು. "ನೀವು ಕೂತ್ಕೊಳ್ಳಿ ಅಮ್ಮಾ, ಕಾಲು ಮಾತ್ರ ಎತ್ತಿ" ಎಂದಳು. ಅಕ್ಕ ಕಾಲೆತ್ತಿದಳು. ಬಗ್ಗಿದ ಆ ಬೆನ್ನು, ಬೈತಲೆಯ ನರೆ, ನೀರಿನಲ್ಲಿ ನೆನೆದು ಬಿಳಿಚಿದ ಬೆರಳುಗಳು ತನ್ನ ಪಾದದ ಕೆಳಗಿದ್ದವು. ಅಲ್ಲಿ ಕೂತು, ಎರಡು ಕಾಲನ್ನೂ ಗಾಳಿಯಲ್ಲಿಟ್ಟುಕೊಂಡು, ಅಕ್ಕನಿಗೆ ತಮ್ಮ ಹೇಳಲಾರದೆ ಬಿಟ್ಟದ್ದು ತಿಳಿಯಿತು. ಕಾಲನ್ನು ಕೆಳಗಿಡಲು ಧೈರ್ಯ ಸಾಲದೆ, ಆ ಹೆಂಗಸು ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದಳು.

ಸಮಿತಿಯಲ್ಲಿ ಮೂವರಿದ್ದರು. ನಡುವೆ ಕೂತ ಅಧ್ಯಕ್ಷೆ ಕನ್ನಡಕವನ್ನು ಕಡತದ ಮೇಲಿಟ್ಟು ಕೇಳಿದರು: "ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಿಲ್ಲ. ಮಾಲೀಕರು ಒಳ್ಳೆಯ ಮಾತು ಬರೆದಿದ್ದಾರೆ. ಇದ್ದಕ್ಕಿದ್ದ ಹಾಗೆ ಮೂರು ವಾರ ಏನಾಯ್ತಪ್ಪ?"

"ಬರಬೇಕಿತ್ತು, ಬರಲಿಲ್ಲ. ತಪ್ಪು ನನ್ನದೇ, ಮೇಡಂ."

"ಅದು ನಮಗೂ ಗೊತ್ತು. ಕಾರಣ ಹೇಳು. ಹುಷಾರಿರಲಿಲ್ವಾ?"

"ಹುಷಾರಾಗೇ ಇದ್ದೆ."

ಆಕೆ ದಾರಿ ತೆರೆದುಕೊಡುತ್ತಿದ್ದಾರೆಂದು ಅಕ್ಕನಿಗೆ ಗೊತ್ತಾಯಿತು. ಹುಷಾರಿರಲಿಲ್ಲ ಎಂಬ ಒಂದು ಸಣ್ಣ ಸುಳ್ಳನ್ನು ಅವನ ಕೈಗೇ ಇಟ್ಟಿದ್ದರು, ಅವನು ಅದನ್ನು ಗೌರವದಿಂದಲೇ ವಾಪಸು ಕೊಟ್ಟಿದ್ದ. ಪಕ್ಕದಲ್ಲಿ ನಿಂತಿದ್ದ ಪೆರೋಲ್ ಅಧಿಕಾರಿ ನೆಲ ನೋಡುತ್ತಿದ್ದರು. ಅಧ್ಯಕ್ಷೆ ಅಕ್ಕನ ಕಡೆ ತಿರುಗಿದರು. "ನಿಮಗೆ ಗೊತ್ತಾ ಕಾರಣ?"

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಬಕೆಟ್ಟನ್ನು ಎಳೆಯುವ ಸದ್ದು. ಒಂದು ವಾಕ್ಯ ಸಾಕು. ಆ ವಾಕ್ಯ ಅಕ್ಕನ ಬಾಯಲ್ಲಿ ಪೂರ್ತಿ ತಯಾರಾಗಿ, ಕ್ರಿಯಾಪದದ ಸಮೇತ, ನಾಲಗೆಯ ತುದಿಗೆ ಬಂದು ನಿಂತಿತ್ತು. ತಮ್ಮ ಅವಳ ಕಡೆ ನೋಡಲಿಲ್ಲ. ಬೇಡಿಕೊಳ್ಳುವ ಹಾಗೆ ಒಮ್ಮೆ ನೋಡಿದ್ದರೆ ಅವಳು ಹೇಳಿಯೇಬಿಡುತ್ತಿದ್ದಳೇನೋ. ಅವನು ಅವಳನ್ನು ನಂಬಿ, ಎದುರಿನ ಗೋಡೆ ನೋಡುತ್ತ ನಿಂತಿದ್ದ. "ಅವನು ಕುಡಿದಿಲ್ಲ, ಯಾರ ಜೊತೇಲೂ ಸೇರಿಲ್ಲ, ಯಾರಿಗೂ ಕೆಟ್ಟದ್ದು ಮಾಡಿಲ್ಲ" ಎಂದಳು ಅಕ್ಕ. "ಉಳಿದದ್ದನ್ನು ಅವನೇ ಹೇಳಬೇಕು. ಅವನು ಹೇಳಲ್ಲ ಅಂದ್ರೆ ನಾನೂ ಹೇಳಲ್ಲ."

ಮೂವರೂ ತಲೆ ತಗ್ಗಿಸಿ ಮಾತಾಡಿಕೊಂಡರು. ಪೆರೋಲ್ ರದ್ದಾಯಿತು. ಉಳಿದ ಏಳು ತಿಂಗಳನ್ನು ಒಳಗೇ ಕಳೆಯಬೇಕು, ಇವತ್ತಿನಿಂದಲೇ. ಅಧ್ಯಕ್ಷೆ ಓದಿ ಮುಗಿಸಿ, "ಇದು ನನಗೆ ಇಷ್ಟದ ಕೆಲಸ ಅಲ್ಲ" ಎಂದರು, ಯಾರಿಗೆಂದಿಲ್ಲದೆ. ತಮ್ಮ ಬೆಲ್ಟು ಬಿಚ್ಚಿ, ವಾಚು ಕಳಚಿ ಅಕ್ಕನ ಕೈಗೆ ಕೊಟ್ಟು, "ಥ್ಯಾಂಕ್ಸ್ ಅಕ್ಕ" ಎಂದ. ಅವರಿಬ್ಬರ ನಡುವೆ ಆ ಮಾತು ಯಾವತ್ತೂ ಬಂದದ್ದೇ ಇಲ್ಲ. ಹೊರಬಾಗಿಲವರೆಗೆ ಬಂದ ಅಧಿಕಾರಿ ಮೆಲ್ಲಗೆ, "ಏನೋ ಇದೆ ಅಲ್ವಾ, ಮೇಡಂ? ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ತಪ್ಪಿಸಿಕೊಳ್ಳೋರು ಹೀಗೆ ನಿಲ್ಲಲ್ಲ" ಎಂದರು. ಅಕ್ಕ "ಇದ್ದರೂ ಅದು ಅವನದು, ಸಾರ್" ಎಂದು ಮೆಟ್ಟಿಲಿಳಿದಳು. ಬೀದಿಯಲ್ಲಿ ಅಳು ಬಂತು. ಅಳುತ್ತಲೇ ನಡೆದಳು. ಯಾರು ನೋಡುತ್ತಾರೋ ಎಂದು ತನಗೆ ಅನ್ನಿಸುತ್ತಿಲ್ಲ ಎನ್ನುವುದು ಎರಡು ಬೀದಿ ದಾಟಿದ ಮೇಲೆ ಗೊತ್ತಾಯಿತು. ಮಾರನೇ ದಿನ ಸ್ವಾಗತದ ಹುಡುಗಿ, "ನಿನ್ನೆ ಯಾಕೆ ರಜೆ?" ಎಂದಾಗ, "ನನ್ನ ತಮ್ಮ ಜೈಲಿಗೆ ಹೋದ, ಕಳಿಸಿಕೊಡೋಕೆ ಹೋಗಿದ್ದೆ" ಎಂದಳು. ಹುಡುಗಿಯ ಕೈಯ ಪೆನ್ನು ನಿಂತಿತು. ಅಕ್ಕ ಅವಳನ್ನು ದಾಟಿ ಒಳಗೆ ಹೋಗಿ ಯಂತ್ರ ಚಾಲೂ ಮಾಡಿದಳು.

ಈ ಸಲ ಅಕ್ಕ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಮೂವತ್ತು ಭಾನುವಾರ. ಅವನು ಜೈಲಿನ ಮರಗೆಲಸದ ಶೆಡ್ಡಿನಲ್ಲಿ ಶಾಲೆಯ ಬೆಂಚುಗಳಿಗೆ ಪಾಲಿಶ್ ಹೊಡೆಯುತ್ತಿದ್ದ. ಕೆಮ್ಮು ಹಿಡಿದು ತೆಳ್ಳಗಾದ, ಎರಡು ಹಲ್ಲು ಕಳೆದುಕೊಂಡ, ಮಾತು ಮಾತ್ರ ಮೊದಲಿನಷ್ಟೇ ಕಡಿಮೆ. ಕೊನೆಗೊಂದು ಸೋಮವಾರ ಬೆಳಿಗ್ಗೆ ಹೊರಗೆ ಬಂದ. ಶಿಕ್ಷೆ ಪೂರ್ತಿ ಮುಗಿದಿತ್ತು, ಹಾಗಾಗಿ ಯಾವ ಷರತ್ತೂ ಉಳಿದಿರಲಿಲ್ಲ, ಯಾವ ಮಂಗಳವಾರವೂ ಇರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಒಂದು ಹಾಳೆ ಕೇಳಿ ತೆಗೆದುಕೊಂಡು, ಮಧ್ಯಾಹ್ನವಿಡೀ ಕೂತು ಆ ಹೆಂಗಸಿಗೆ ನಾಲ್ಕು ಸಾಲು ಬರೆದ. ತಾನು ಯಾರು ಎಂದು, ಒಮ್ಮೆ ಬಂದು ಮುಖ ತೋರಿಸಬೇಕೆಂದಿದೆ ಎಂದು, ಬೇಡವೆಂದರೆ ಬರುವುದಿಲ್ಲ, ಈ ಜನ್ಮದಲ್ಲಿ ಎದುರಿಗೆ ಸುಳಿಯುವುದಿಲ್ಲ ಎಂದು. ಅಕ್ಕ ಅದನ್ನು ಓದಿ, "ಇದು ನಿನಗೆ ಬೇಕಾಗಿರೋದಾ, ಅವಳಿಗಾ?" ಎಂದಳು. "ಅದಕ್ಕೇ ಕೇಳ್ತಿರೋದು" ಎಂದ. ಕಾಗದವನ್ನು ಅಧಿಕಾರಿಯ ಕೈಗೆ ಕೊಟ್ಟರು. ಅವರು ಅದನ್ನು ನಿಂತಲ್ಲೇ ಓದಿದರು, ಕಾರಿಡಾರಿನ ಕಡೆ ಒಮ್ಮೆ ನೋಡಿದರು, ಮಡಚಿ ಜೇಬಿಗಿಟ್ಟುಕೊಂಡರು. ಒಂಬತ್ತು ದಿನ ಸದ್ದಿಲ್ಲ. ಹತ್ತನೆಯ ದಿನ ಅದೇ ಹಾಳೆ ವಾಪಸು ಬಂತು. ಅವನ ನಾಲ್ಕು ಸಾಲಿನ ಕೆಳಗೆ ಮನೆಯ ವಿಳಾಸ, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದೇ ಪದ: ಬರಲಿ.

ಎರಡನೇ ಮಹಡಿ, ಕಿರಿದಾದ ಮೆಟ್ಟಿಲು. ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಮಂಚ, ಎರಡು ಕುರ್ಚಿ, ಕಿಟಕಿಯಲ್ಲಿ ಒಣಗಲು ಹಾಕಿದ ನೀಲಿ ಮೇಲಂಗಿ. ಆ ಹೆಂಗಸು ತಮ್ಮನನ್ನು ಬಹಳ ಹೊತ್ತು ನೋಡಿದಳು. ಕೋರ್ಟಿನಲ್ಲಿ ನೋಡದೆ ಬಿಟ್ಟದ್ದನ್ನೆಲ್ಲ ಸೇರಿಸಿ ಈಗ ನೋಡುತ್ತಿರುವಂತಿತ್ತು. "ನೀನಾ?" ಎಂದಳು ಕೊನೆಗೆ. ಬೈದರೆ ಬೈಸಿಕೊಂಡು ಬರುವುದು, ಹೊಡೆದರೆ ಹೊಡೆಸಿಕೊಂಡು ಬರುವುದು ಎಂದು ಅಕ್ಕ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ತಮ್ಮ ಕೈ ಮುಗಿಯಲು ಹೋಗಿ, ಅದೂ ಹೆಚ್ಚಾಯಿತೇನೋ ಎಂಬಂತೆ ಕೈಯನ್ನು ಕೆಳಗಿಳಿಸಿದ. ಮಾತು ತೆಗೆದವಳು ಆ ಹೆಂಗಸೇ.

"ನಾನು ಕೇಳಬೇಕು ಅಂತ ಕರೆದೆ. ಐದು ವರ್ಷದಿಂದ ಯಾರನ್ನ ಕೇಳೋದು ಅಂತ ಗೊತ್ತಾಗ್ದೆ ಇದ್ದೆ. ಪೊಲೀಸರಿಗೆ ಗೊತ್ತಿಲ್ಲ, ಡಾಕ್ಟರಿಗೆ ಗೊತ್ತಿಲ್ಲ. ರಸ್ತೇಲಿ ಆಗ ಇದ್ದವನು ನೀನೊಬ್ಬನೇ." ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. "ಅವರು ಏನಾದ್ರೂ ಹೇಳಿದ್ರಾ?"

ಅಕ್ಕ ತಮ್ಮನ ಮುಖ ನೋಡಿದಳು. ಪೊಲೀಸರು ಎಷ್ಟು ವೇಗದಲ್ಲಿದ್ದೆ ಎಂದು ಕೇಳಿದ್ದರು, ವಕೀಲರು ಎಷ್ಟು ಹೊತ್ತು ಎಚ್ಚರವಿದ್ದೆ ಎಂದು ಕೇಳಿದ್ದರು, ತಾನು ಮುಂದೇನು ಗತಿ ಎಂದು ಕೇಳಿದ್ದಳು. ಇದನ್ನು ಯಾರೂ ಕೇಳಿರಲಿಲ್ಲ.

"ಹೇಳಿದ್ರು" ಎಂದ ತಮ್ಮ. "ಅವರ ತಲೆ ನನ್ನ ತೊಡೆ ಮೇಲಿತ್ತು. ನೀರು ಬೇಕಾ ಅಂತ ಕೇಳಿದೆ, ಬೇಡ ಅಂದ್ರು. ಆಮೇಲೆ, ಸೈಕಲ್ಲನ್ನ ರಸ್ತೆಯಿಂದ ಆಚೆಗೆ ಎಳೆಯಪ್ಪ, ಕತ್ತಲಿದೆ, ಬೇರೆ ಯಾರಾದ್ರೂ ಬಂದು ಬಿದ್ದಾರು ಅಂದ್ರು. ನಾನು ಎದ್ದುಹೋಗಿ ಎಳೆದಿಟ್ಟು ಬಂದೆ. ಬರೋ ಹೊತ್ತಿಗೆ…"

ಹೆಂಗಸು ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯಿಂದ ನೀರು ಇಳಿಯುತ್ತಿದ್ದರೂ ತುಟಿಯ ಒಂದು ಕೊನೆಯಲ್ಲಿ, ಮನೆಯವರ ಹಳೆಯ ಚಾಳಿಯೊಂದನ್ನು ನೆನೆದವರಿಗೆ ಬರುವಂಥ ನಗು ಮೂಡಿ ನಿಂತಿತು.

"ಅಂದಿರ್ತಾರೆ" ಎಂದಳು. "ಅವರೇ ಅದು." ಹಿಡಿದುಕೊಂಡಿದ್ದ ಕುರ್ಚಿಯನ್ನು ಅವನ ಕಡೆಗೆ ಎಳೆದಿಟ್ಟಳು. "ಕೂತ್ಕೋ. ಮೊದಲಿಂದ ಹೇಳು."